ಶ್ರುತಿ ಇಳಿಸದ ಆ ಒಂದು ಗಿಟಾರು

ಇಂಗ್ಲೆಂಡಿನ ವಿಲನ್‌ಹಾಲ್ ಊರಿನ ಕಾಲುವೆ ಪಕ್ಕದ ಗೋದಾಮಿನ ಬಾಗಿಲು ಬೆಳಕು ಹರಿಯುವ ಮುಂಚೆಯೇ ತೆರೆದುಕೊಳ್ಳುತ್ತದೆ. ಇವತ್ತು ತೆರೆಯಬೇಕಾದ ಅಗತ್ಯವೇನೂ ಇಲ್ಲ. ಕಾರ್ಯಕ್ರಮವಿಲ್ಲ, ವ್ಯಾನಿಗೆ ಏರಿಸುವ ಸಾಮಾನಿಲ್ಲ, ಬ್ಯಾಂಡೇ ಕಳೆದ ಶನಿವಾರ ಕೊನೆಯ ಹಾಡು ಹಾಡಿ ಮುಗಿಸಿದೆ. ಆದರೂ ಸಿರಿಲ್ ಫೆರಿಡೇ ಬಂದಿದ್ದಾರೆ. ಕೋಟು ಬಿಚ್ಚಿ ನೇತುಹಾಕಿ, ಚಹಾಕ್ಕೆ ನೀರಿಟ್ಟು, ಗೋಡೆಯ ಗೂಟಗಳಿಂದ ಗಿಟಾರುಗಳನ್ನು ಒಂದೊಂದಾಗಿ ಇಳಿಸಿ ಮಂಡಿಯ ಮೇಲಿಟ್ಟುಕೊಂಡು ಬಿರಡೆ ತಿರುಗಿಸುತ್ತಾರೆ. ಎಡಗಿವಿ ಮಂದವಾಗಿದೆ, ಹಾಗಾಗಿ ಬಲಗಿವಿಯನ್ನು ಮರಕ್ಕೇ ಒತ್ತಿ ಕೇಳುತ್ತಾರೆ.

ಕೊನೆಯ ಗೂಟ ಖಾಲಿ ಇದೆ. ಕೈ ಅಲ್ಲಿಗೂ ಹೋಗುತ್ತದೆ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ, ಆಮೇಲೆ ಚಹಾದ ಲೋಟದ ಕಡೆ ತಿರುಗುತ್ತದೆ.

"ಇಷ್ಟು ವರ್ಷ ಹೋದ ಜಾಗಕ್ಕೆ ಇವತ್ತೂ ಹೋಗತ್ತೆ," ಅನ್ನುತ್ತಾರೆ ಸಿರಿಲ್. "ಕೈಗೇನು ಗೊತ್ತು ಪಾಪ."

ಬ್ರಾಸ್ ಪೀಕಾಕ್ ಬ್ಯಾಂಡು ಅಂದರೆ ಗೊತ್ತಿಲ್ಲದವರು ಈ ಊರಲ್ಲಿ ಇಬ್ಬರೇ ಇರಬೇಕು, ತೊಟ್ಟಿಲಲ್ಲಿರುವ ಕೂಸು ಮತ್ತು ಹೊಸದಾಗಿ ಬಂದ ಪಾದ್ರಿ. ಹಾಡುಗಾರ ರಾಯ್ಸ್ಟನ್ ಬಿಸೆಲ್ (ಎಲ್ಲರ ಬಾಯಲ್ಲಿ ರಾಯ್), ಗಿಟಾರಿನ ಲೆನ್ನಿ ಹಾಡ್ಜೆಟ್ಸ್, ಇನ್ನಿಬ್ಬರು, ಎಲ್ಲರೂ ಬೀಗದ ಕಾರ್ಖಾನೆಯ ಹುಡುಗರು. ಕಾರ್ಮಿಕರ ಕ್ಲಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಬಿಂಗೋ ಆಟದ ಎರಡು ಸುತ್ತುಗಳ ನಡುವೆ ಬೇರೆಯವರ ಹಾಡು ನುಡಿಸುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಕೀಲಿಕೈಗೆ ಅರ ಉಜ್ಜುತ್ತಿದ್ದ ಸಿರಿಲ್‌ಗೆ ನುಡಿಸಲು ಬರುತ್ತಿರಲಿಲ್ಲ, ಇವತ್ತಿಗೂ ಬರುವುದಿಲ್ಲ. ಆದರೆ ತಂತಿ ಒಂದು ಕೂದಲೆಳೆಯಷ್ಟು ತಪ್ಪಿದರೂ ಅವರಿಗೆ ಹಲ್ಲು ಜುಮ್ಮೆನ್ನುತ್ತಿತ್ತು. "ಹಂಗಾದ್ರೆ ನೀನೇ ಸರಿ ಮಾಡು ನೋಡಣ," ಅಂದರಂತೆ ಲೆನ್ನಿ, ರೇಗಿಸಲು. ಸಿರಿಲ್ ಮಾಡಿಕೊಟ್ಟರು. ಕೆಲಸ ಸಿಕ್ಕಿದ್ದು ಹಾಗೆ.

ಆಮೇಲೆ ಎಪ್ಪತ್ತರ ದಶಕ ಬಂತು, ಜೊತೆಗೆ ಮಿಂಚಿನ ಪುಡಿ ಬಳಿದುಕೊಂಡು ಹಾಡುವ ಫ್ಯಾಷನ್ನು ಬಂತು. ಬೀಗ ಮಾಡುವ ಗಂಡಸರು ಕಣ್ಣಿಗೆ ಕಾಡಿಗೆ ತೀಡಿಕೊಂಡು, ಗೇಣುದ್ದ ಅಟ್ಟೆಯ ಬೂಟು ಹಾಕಿಕೊಂಡು ಟೀವಿಯಲ್ಲಿ ಕುಣಿದರು. ಬೆಳ್ಳಿ ಬಣ್ಣದ ಕೋಟುಗಳನ್ನು ಪರದೆ ಬಟ್ಟೆಯಿಂದ ಹೊಲಿದುಕೊಟ್ಟವರು ಡೊರೀನ್. ಆಗಿನ್ನೂ ಸಿರಿಲ್‌ ಜೊತೆ ಓಡಾಡಿಕೊಂಡಿದ್ದವರು, ಈಗ ಮಡದಿ. "ರಾಯ್‌ನ ಪ್ಯಾಂಟು ವೇದಿಕೆ ಮೇಲೇ ಹರಿದೋಯ್ತು," ಅಂತ ಡೊರೀನ್ ಈಗಲೂ ನಗುತ್ತಾರೆ. "ಜನ ಅದೂ ಒಂದು ಸ್ಟೈಲು ಅಂದ್ಕೊಂಡ್ರು. ಮುಂದಿನ ವಾರ ಊರಿನ ಹುಡುಗ್ರೆಲ್ಲ ಹರಿದ ಪ್ಯಾಂಟು."

‘ಶನಿವಾರದ ಬೂಟು’ ಎಂಬ ಹಾಡು ದೇಶದ ಜನಪ್ರಿಯ ಹಾಡುಗಳ ಪಟ್ಟಿಯ ನೆತ್ತಿಗೆ ಹೋಗಿ ಕೂತಿತು. ಅದರ ಕೊನೆಯ ಚರಣಕ್ಕೆ ಮುಂಚೆ ಒಂದು ಎತ್ತರದ ಸ್ವರವಿದೆ. ರಾಯ್ ಅದನ್ನು ಹಿಡಿದು ನಿಲ್ಲಿಸಿದರೆ ಸಭಾಂಗಣದ ಗಾಜು ನಡುಗುತ್ತಿತ್ತು. ಎರಡು ವರ್ಷದಲ್ಲಿ ಮಿಂಚಿನ ಮೋಜು ಇಳಿಯಿತು. ಬ್ಯಾಂಡು ಚರ್ಮದ ಜಾಕೀಟು ತೊಟ್ಟು, ಬಿರುಸಾದ ಉದ್ದುದ್ದ ಹಾಡು ಕಟ್ಟಿಕೊಂಡು ಅಮೆರಿಕಕ್ಕೆ ಹೋಯಿತು. ಅಲ್ಲಿ ಇವರನ್ನು ಕೇಳಿದ್ದು ಅರ್ಧ ಖಾಲಿ ಕುರ್ಚಿಗಳು. ತಿರುಗಿ ಬರುವಷ್ಟರಲ್ಲಿ ಊರಲ್ಲಿ ಕೆನ್ನೆಗೆ ಪಿನ್ನು ಚುಚ್ಚಿಕೊಂಡ ಪಂಕ್ ಬ್ಯಾಂಡಿನ ಹೊಸ ಹುಡುಗರು ಇವರನ್ನು ಅಜ್ಜಂದಿರು ಅನ್ನತೊಡಗಿದ್ದರು. ಅಜ್ಜಂದಿರಿಗೆ ಆಗ ಮೂವತ್ತೂ ತುಂಬಿರಲಿಲ್ಲ.

ಸೋತವರು ಜಗಳಾಡುತ್ತಾರೆ. ಇವರು ಆಡಿದ್ದು ಆ ಒಂದು ಎತ್ತರದ ಸ್ವರದ ಮೇಲೆ. ಬಿರುಸಿನ ಹಾಡುಗಳ ಕಾಲ ಇದು, ಆ ಜಾಗದಲ್ಲಿ ಗಿಟಾರು ಒಂದೇ ಕೂಗಲಿ ಅಂದರು ಲೆನ್ನಿ. "ಜನ ಬರೋದು ನನ್ನ ಗಂಟಲಿಗೆ ಕಣೋ, ನಿನ್ನ ತಂತಿಗಲ್ಲ," ಅಂದರು ರಾಯ್. ಸ್ಟೋಕ್ ಊರಿನ ಒಂದು ಕಾರು ನಿಲ್ದಾಣದಲ್ಲಿ ಲೆನ್ನಿ ತಮ್ಮ ಕೆಂಪು ಗಿಟಾರನ್ನು ವ್ಯಾನಿನಲ್ಲೇ ಬಿಟ್ಟು, ಬಸ್ಸು ಹತ್ತಿ ಹೋದರು. ಹೋದವರು ವೇಲ್ಸ್ ಕಡಲ ದಂಡೆಯಲ್ಲಿ ದೋಣಿ ರಿಪೇರಿಗೆ ನಿಂತರು. ಯಾರ ಮೇಲೆ ತಪ್ಪು ಹೊರಿಸುವುದು? ಇಬ್ಬರೂ ಹಟಮಾರಿಗಳು.

ಸಿರಿಲ್ ಆ ಗಿಟಾರನ್ನು ತಂದು ಕೊನೆಯ ಗೂಟಕ್ಕೆ ನೇತುಹಾಕಿದರು. "ನಾಳೆ ಬರ್ತಾನೆ ಅಂತ ಶ್ರುತಿ ಮಾಡಿಟ್ಟೆ. ನಾಡಿದ್ದು ಬರ್ತಾನೆ ಅಂತ ಮತ್ತೆ ಮಾಡಿಟ್ಟೆ. ಹಂಗೇ ಅಭ್ಯಾಸ ಆಗೋಯ್ತು." ದಿನಾ ಬೆಳಿಗ್ಗೆ ಅದನ್ನು ಕೊನೆಗೆ ಇಳಿಸುವುದು, ಆರೂ ತಂತಿಯ ಮೇಲೆ ಒಮ್ಮೆ ಕೈ ಆಡಿಸುವುದು, ಮತ್ತೆ ಮೇಲಿಡುವುದು. ಮದುವೆಯ ದಿನ ಬೆಳಿಗ್ಗೆಯೂ ಹೋಗಿ ಮಾಡಿ ಬಂದರಂತೆ. "ನನ್ನ ಕೈ ಹಿಡಿದದ್ದಕ್ಕಿಂತ ಆ ಗಿಟಾರಿನ ಕತ್ತು ಹಿಡಿದದ್ದೇ ಜಾಸ್ತಿ," ಅಂತ ಡೊರೀನ್ ಮೂದಲಿಸುತ್ತಾರೆ. ಸಿರಿಲ್ ಅಲ್ಲ ಅನ್ನುವುದಿಲ್ಲ.

ಬ್ಯಾಂಡು ಒಡೆಯಿತು, ಕೆಲವು ವರ್ಷದ ಮೇಲೆ ಬೇರೆ ಹುಡುಗರನ್ನು ಸೇರಿಸಿಕೊಂಡು ಮತ್ತೆ ಕೂಡಿತು. ಈಗ ದೊಡ್ಡ ಸಭಾಂಗಣಗಳಿಲ್ಲ. ಕಡಲ ತೀರದ ರಜಾ ಶಿಬಿರಗಳು, ಹಳೆ ಹಾಡಿನ ವಾರಾಂತ್ಯಗಳು, ಕರಿದ ಮೀನಿನ ವಾಸನೆಯ ಸಭಾಂಗಣಗಳು. ಅಂಥ ಒಂದು ಶಿಬಿರದಲ್ಲಿ ರಾಯ್‌ಗೆ ಆ ಸ್ವರ ಸಿಗಲಿಲ್ಲ. ಗಂಟಲು ಒಡೆಯಿತು, ಮುಂದಿನ ಸಾಲಿನ ಹುಡುಗಿಯರು ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು. ವ್ಯಾನಿನಲ್ಲಿ ಕೂತು ರಾಯ್ ಅಂದರಂತೆ, "ಸಾಕು ಸಿರಿಲ್. ಕಾರ್ಖಾನೆಗೇ ಹೋಗೋಣ." ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಮರುದಿನ ಸಿರಿಲ್ ಬ್ಯಾಂಡಿನ ಎಲ್ಲ ಗಿಟಾರುಗಳ ಶ್ರುತಿಯನ್ನು ಅರ್ಧ ಮನೆ ಇಳಿಸಿದರು, ಹಾಡೂ ಗಂಟಲಿಗೆ ಎಟುಕುವಷ್ಟು ತಗ್ಗಿತು. ಉಳಿದವರಿಗೆ ಕಣ್ಣು ಮಿಟುಕಿಸಿದರು, ರಾಯ್‌ಗೆ ಹೇಳಲಿಲ್ಲ. ಆ ಸಂಜೆ ರಾಯ್ ಸ್ವರವನ್ನು ಹಿಡಿದರು, ಹಿಡಿದು ನಿಲ್ಲಿಸಿದರು. ಬೆಳಿಗ್ಗೆ ಎದ್ದವರು ಇದೆಲ್ಲ ತಾವು ಗಂಟಲಿಗೆಂದು ಕುಡಿದ ಜೇನಿನ ಮಹಿಮೆ ಅಂದರು. ವರ್ಷಗಳು ಉರುಳಿದ ಹಾಗೆ ಇನ್ನರ್ಧ ಮನೆ ಇಳಿಯಿತು, ಮತ್ತೂ ಅರ್ಧ ಇಳಿಯಿತು. ರಾಯ್ ಹೋದಲ್ಲೆಲ್ಲ ಹಾಡುಗಾರರಿಗೆ ಜೇನಿನ ಉಪದೇಶ ಮಾಡಿದರು. ಇಳಿಯದೆ ಉಳಿದದ್ದು ಕೊನೆಯ ಗೂಟದ ಕೆಂಪು ಗಿಟಾರು ಒಂದೇ.

"ಅದನ್ನ ಇಳಿಸೋ ಅಗತ್ಯ ಇರ್ಲಿಲ್ಲ, ಯಾರೂ ನುಡಿಸ್ತಿರ್ಲಿಲ್ಲ," ಅನ್ನುತ್ತಾರೆ ಸಿರಿಲ್. "ಬೆಳಿಗ್ಗೆ ಅದನ್ನ ಮೀಟಿದ್ರೆ ನಾವೆಲ್ಲ ಇನ್ನೂ ಅಲ್ಲೇ ಇದೀವಿ ಅನ್ನಿಸೋದು. ಅದಕ್ಕೇ ಬರ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ."

ಈ ಶರತ್ಕಾಲದಲ್ಲಿ ರಾಯ್ ನಿವೃತ್ತಿ ಘೋಷಿಸಿದರು. ಕೊನೆಯ ಕಾರ್ಯಕ್ರಮ ತಮ್ಮದೇ ಊರಿನಲ್ಲಿ ಅಂದರು. ಆಮೇಲೆ ಬಾಗಿಲ ಕಡೆ ನೋಡುತ್ತ, "ಆ ದೋಣಿ ರಿಪೇರಿ ಮುದುಕನ್ನೂ ಕರಿ. ನಾನು ಕರೆದೆ ಅನ್ಬೇಡ," ಅಂದರು. ಸಿರಿಲ್ ಕರೆದರು. ಲೆನ್ನಿ ಬರುತ್ತೇನೆ ಅಂದರು.

ಈಗ ಸಿರಿಲ್‌ಗೆ ಪೇಚಾಟ. ಕೆಂಪು ಗಿಟಾರನ್ನೂ ಒಂದೂವರೆ ಮನೆ ಇಳಿಸಲೇಬೇಕು, ಇಲ್ಲದಿದ್ದರೆ ಉಳಿದವುಗಳ ಜೊತೆ ಕೂಡುವುದಿಲ್ಲ. ಎಲ್ಲವನ್ನೂ ಮೇಲಕ್ಕೇರಿಸಿದರೆ ರಾಯ್ ಗಂಟಲು ಊರವರೆದುರೇ ಒಡೆಯುತ್ತದೆ. ವಾರವಿಡೀ ಬೆಳಿಗ್ಗೆ ಗಿಟಾರನ್ನು ಮಂಡಿಯ ಮೇಲಿಟ್ಟುಕೊಂಡು ಬಿರಡೆ ಹಿಡಿದರು, ಬಿಟ್ಟರು. "ಕೈ ಬರ್ಲಿಲ್ಲ," ಅನ್ನುತ್ತಾರೆ. ಅಭ್ಯಾಸದ ದಿನ ಲೆನ್ನಿ ಬಂದು ಕೈ ಚಾಚಿದಾಗ ಇದ್ದ ಹಾಗೇ ಕೊಟ್ಟುಬಿಟ್ಟರು. ಶ್ರುತಿಯೇ ಉಸಿರು ಅಂದುಕೊಂಡ ಮನುಷ್ಯ ಜೀವಮಾನದಲ್ಲಿ ಮಾಡಿದ ದೊಡ್ಡ ತಪ್ಪು ಅದು.

ಮೊದಲ ಮೀಟಿಗೇ ಅಪಸ್ವರ. ಎಲ್ಲರೂ ಕೈ ನಿಲ್ಲಿಸಿದರು. "ನಂದೇ ತಪ್ಪು, ಕೈ ಮರೆತೋಗಿದೆ," ಅಂದರು ಲೆನ್ನಿ ತಟ್ಟನೆ. ಉಳಿದ ಗಿಟಾರುಗಳ ಶ್ರುತಿ ಇಳಿದಿದೆ ಅಂತ ಅವರಿಗೆ ಅರ್ಥವಾಗಿತ್ತು. ಆದರೆ ರಾಯ್‌ಗೂ ಆಗಿತ್ತು.

"ಎಷ್ಟು ಇಳಿಸಿದೀಯ?" ರಾಯ್ ಕೇಳಿದ್ದು ಸಿರಿಲ್‌ರನ್ನು.

"ಒಂದೂವರೆ ಮನೆ."

"ಯಾವಾಗಿಂದ?"

"ಆ ರಜಾ ಶಿಬಿರದಿಂದ."

ರಾಯ್ ಕುರ್ಚಿ ಎಳೆದುಕೊಂಡು ಕೂತರು. "ಮತ್ತೆ ನನ್ನ ಜೇನು?"

"ಜೇನೂ ಒಳ್ಳೇದೇ," ಅಂದರು ಸಿರಿಲ್.

ಯಾರೂ ನಗಲಿಲ್ಲ. ರಾಯ್ ಕೆಂಪು ಗಿಟಾರನ್ನೇ ನೋಡುತ್ತಿದ್ದರು. ಆಮೇಲೆ, "ಲೆನ್ನಿದನ್ನ ಮುಟ್ಬೇಡ. ನಮ್ದೆಲ್ಲ ಮೇಲಕ್ಕೆ ತಗೋ," ಅಂದರು.

"ಗಂಟಲು ಹೋಗತ್ತೆ ರಾಯ್."

"ಎಲ್ಲಿಗೆ ಹೋಗತ್ತೆ? ನಾಳಿದ್ದಿನ ಮೇಲೆ ಅದಕ್ಕೇನು ಕೆಲಸ?"

ಶನಿವಾರ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಬೊಕ್ಕತಲೆಗಳ ಮೇಲೂ ಮಿಂಚಿನ ಪುಡಿ ಇತ್ತು, ಊರುಗೋಲು ಹಿಡಿದವರೂ ಎತ್ತರದ ಬೂಟು ಹಾಕಿ ಬಂದಿದ್ದರು. ಸಿರಿಲ್ ಎಂದಿನಂತೆ ಪರದೆಯ ಪಕ್ಕದಲ್ಲಿ, ಜನರಿಗೆ ಕಾಣದ ಕಡೆ ನಿಂತಿದ್ದರು. ‘ಶನಿವಾರದ ಬೂಟು’ ಶುರುವಾದಾಗ ಹೆದರಿ ಕಣ್ಣು ಮುಚ್ಚಿಕೊಂಡರು. ಹಾಡು ಆ ಜಾಗಕ್ಕೆ ಬಂತು. ರಾಯ್ ಉಸಿರು ಎಳೆದುಕೊಂಡದ್ದು ಮೈಕಿನಲ್ಲಿ ಕೇಳಿಸಿತು. ಸ್ವರ ಬಂತು, ಒಡೆಯದೆ ತುಂಬಿಕೊಂಡು ಬಂತು. ಆದರೆ ಅದು ಗಂಟಲಿನದಲ್ಲ. ಸಿರಿಲ್ ಕಣ್ಣು ಬಿಟ್ಟು ನೋಡಿದರೆ ರಾಯ್ ಬಾಯಿ ಮುಚ್ಚಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಲೆನ್ನಿಯ ಕಡೆ ಕೈ ತೋರಿಸುತ್ತ ನಿಂತಿದ್ದಾರೆ. ಲೆನ್ನಿ ಅಳುತ್ತ ನುಡಿಸುತ್ತಿದ್ದಾರೆ. ಎಪ್ಪತ್ತು ದಾಟಿದ ಇಬ್ಬರು ಹಟಮಾರಿಗಳು, ಒಂದು ಸ್ವರದಷ್ಟು ಜಾಗವನ್ನು ಒಬ್ಬರಿಗೊಬ್ಬರು ಬಿಟ್ಟುಕೊಡಲು ಒಂದು ಆಯುಸ್ಸು ತೆಗೆದುಕೊಂಡರು.

ಮುಗಿದ ಮೇಲೆ ಲೆನ್ನಿ ಗಿಟಾರನ್ನು ತಂದು ಸಿರಿಲ್ ಕೈಗಿಟ್ಟರು. "ನೀನೇ ಇಟ್ಕೋ, ನಿಂಗೇ ಸೇರಿದ್ದು."

"ನಾನು ಇಟ್ಕೊಂಡಿದ್ದು ನೀನು ಬರೋತನಕ. ತಗೊಂಡ್ಹೋಗು," ಅಂದರು ಸಿರಿಲ್. ಹಾಗಂದು ಹೊರಗೆ ಹೋಗಿ ವ್ಯಾನಿನ ಹಿಂದೆ ತುಂಬಾ ಹೊತ್ತು ನಿಂತಿದ್ದರು ಅಂತ ಡೊರೀನ್ ಹೇಳುತ್ತಾರೆ.

ಗೋದಾಮಿನಲ್ಲಿ ಈಗ ಬೆಳಕಾಗಿದೆ. ಉಳಿದ ಗಿಟಾರುಗಳೆಲ್ಲ ಮೇಲಿನ ಶ್ರುತಿಯಲ್ಲೇ ಇವೆ, ಇಳಿಸಲು ಇನ್ನು ಕಾರಣವಿಲ್ಲ. ಬೇಕನ್ ಸ್ಯಾಂಡ್‌ವಿಚ್ಚಿನ ಪೊಟ್ಟಣ ಹಿಡಿದು ಡೊರೀನ್ ಬಂದಿದ್ದಾರೆ. "ಮನೆಗೆ ಬನ್ನಿ, ಇನ್ನೇನಿದೆ ಇಲ್ಲಿ," ಅನ್ನುತ್ತಾರೆ, ಅನ್ನುತ್ತಲೇ ಪಕ್ಕದಲ್ಲಿ ಕೂರುತ್ತಾರೆ. ಇನ್ನೇನು ಆಸೆ ಅಂತ ಕೇಳಿದರೆ ಸಿರಿಲ್ ಖಾಲಿ ಗೂಟದ ಕಡೆ ನೋಡುತ್ತಾರೆ.

"ದಿನಾ ಬೆಳಿಗ್ಗೆ ಅವನು ಅದನ್ನ ಒಂದ್ಸಲ ಮೀಟಿದ್ರೆ ಸಾಕು," ಅನ್ನುತ್ತಾರೆ. "ನಂಗೆ ಕೇಳ್ಸೋದೇನೂ ಬೇಡ."