ಇದಿನಬ್ಬರ ಸ್ಕೇಲು

ಬೆಳ್ತಂಗಡಿಯ ವಿಚಾರಸಂಕಿರಣಕ್ಕೆ ಹೋಗುವ ದಾರಿಯಲ್ಲಿ, ಫರಂಗಿಪೇಟೆಯಲ್ಲಿ ಚಹಾ ಕುಡಿಯಲು ಇಳಿದೆ. ಅಂಗಡಿಯ ಯಜಮಾನ ಇದಿನಬ್ಬರು ನನ್ನ ಕೆಲಸ ಏನೆಂದು ಕೇಳಿದರು. ಆನೆಕಾಲು ರೋಗದ ಸಂಶೋಧನೆ, ಕಾಲೇಜಿನಲ್ಲಿ ಪಾಠ ಎಂದೆ. ಅವರು ಲುಂಗಿ ಸರಿಸಿ, ಊದಿದ ಎಡಗಾಲನ್ನು ಸ್ಟೂಲಿನ ಮೇಲಿಟ್ಟರು. ಡ್ರಾಯರಿನಿಂದ ಒಂದು ಸ್ಕೇಲು ತೆಗೆದು ಹಿಮ್ಮಡಿಯ ಪಕ್ಕ ನೆಟ್ಟಗೆ ಹಿಡಿದರು.

"ಹಿಂದೆ ಕಾಲಿನ ಸಂಶೋಧನೆಗೆ ಅಂತ ಬಂದವರು ಬಿಟ್ಟು ಹೋದದ್ದು. ಫೋಟೋಕ್ಕೆ ಇದು ಬೇಕಲ್ವಾ ಸಾರ್?"

ನನ್ನ ಪಾಠದ ಸ್ಲೈಡುಗಳಲ್ಲೂ ಊತದ ಅಳತೆ ತೋರಿಸಲು ಇಂಥದೇ ಸ್ಕೇಲು, ಇಂಥವೇ ಮುಖವಿಲ್ಲದ ಕಾಲುಗಳು.

"ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದು ಒಣಗಿಸಬೇಕು ಅಂತ ಅವರು ಹೇಳಲಿಲ್ಲವಾ?"

"ಇಲ್ಲ. ಅದರಿಂದ ಎಂತ ಆಗ್ತದೆ?"

ಪದೇ ಪದೇ ಜ್ವರ ಬಂದು ಕಾಲು ಇನ್ನಷ್ಟು ಊದುವುದು ತಗ್ಗುತ್ತದೆ ಎಂದೆ. ಅಷ್ಟು ಹೇಳಲು ಪಿಎಚ್‌ಡಿ ಬೇಕೇ? ಅಳತೆ ತೆಗೆದುಕೊಂಡು ಹೋದ ನಮ್ಮವರಿಗೆ ಬಾಯಿ ಇರಲಿಲ್ಲವೇ?

ಅವರು ಬೇಡ ಬೇಡವೆಂದರೂ ಬಕೆಟ್ ತರಿಸಿ, ನಾನೇ ತೊಳೆದೆ. ಬೆರಳುಗಳ ನಡುವೆ ಒರೆಸಿ ತಲೆಯೆತ್ತಿದರೆ, ಇದಿನಬ್ಬರು ಮತ್ತೆ ಸ್ಕೇಲು ಹಿಡಿದು ಕೂತಿದ್ದರು.

"ಈಗ ಚಂದ ಆಯ್ತು ಸಾರ್. ಫೋಟೋ ತೆಗೀರಿ."