ಅಪ್ಪನ ಬಾಯಿಯ ಎಡ ಅಂಚು

ವಾರವಿಡೀ ಕಾರವಾರದ ಕಚೇರಿಗೆ ಹೋಗಿ ಬರುವ ನಾನು ಭಾನುವಾರ ಅಂಕೋಲೆಯ ಬಸ್ಸು ಹತ್ತುವುದು ಎಣ್ಣೆಬಣ್ಣದಲ್ಲಿ ಮುಖ ಬರೆಯಲು ಕಲಿಯುವುದಕ್ಕೆ. ಕಲಿಸುವವರು ನಿವೃತ್ತ ಡ್ರಾಯಿಂಗ್ ಮಾಸ್ತರರು. ಮೊದಲ ದಿನವೇ ನನ್ನ ನೀಲಿ, ಹಸಿರು ಟ್ಯೂಬುಗಳನ್ನೆಲ್ಲ ತೆಗೆದು ಬದಿಗಿಟ್ಟರು. ಉಳಿದದ್ದು ಬಿಳಿ, ಕಪ್ಪು, ಮಣ್ಣಿನ ಹಳದಿ, ಇಟ್ಟಿಗೆಯ ಕೆಂಪು. ಹಳೆಯ ಭಾವಚಿತ್ರಗಳ ಮಂಕು ಬಣ್ಣ ಇಷ್ಟರಲ್ಲೇ ಹುಟ್ಟಬೇಕು ಎಂದರು.

ನಾನು ಆರಿಸಿಕೊಂಡದ್ದು ಅಪ್ಪನನ್ನು. ಬಂದರಿನಲ್ಲಿ ದುಡಿದವನು. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಅವನ ಬಾಯಿಯ ಎಡ ಅಂಚು ಜೋತುಬಿದ್ದಿತ್ತು. ಅಮದಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನೆದುರು ಕೂರುತ್ತಿದ್ದ. ನಾನು ಬೆರೆಸಿದ ಬಣ್ಣ ಒಮ್ಮೆ ಬೂದಿ, ಒಮ್ಮೆ ಕೆಸರು. ಕೆನ್ನೆಗೆ ಜೀವ ಬರಲೆಂದು ಕೆಂಪು ಸೇರಿಸಿದರೆ ಬಿಸಿಲಿಗೆ ಸುಟ್ಟಂತೆ ಕಾಣುತ್ತಿತ್ತು. ತಿದ್ದಿದಷ್ಟೂ ಕಲಸಿಹೋಗುತ್ತಿತ್ತು.

ಹಸಿ ಕ್ಯಾನ್ವಾಸನ್ನು ಯಾರಿಗೂ ತಾಗದಂತೆ ಬಸ್ಸಿನಲ್ಲಿ ಎತ್ತಿ ಹಿಡಿದು ಒಯ್ದೆ. ಮಾಸ್ತರರು ನೋಡಿದರು.

"ಇದು ಯಾರ ಬಾಯಿ, ತಂಗಿ?"

ಅಪ್ಪನ ಬಾಯಿ ಜೋತದ್ದನ್ನು ಅವರಿಗೆ ಮೊದಲೇ ಹೇಳಿದ್ದೆ. ಆದರೂ ತುಟಿಯನ್ನು ನೆಟ್ಟಗೆ ಬರೆದಿದ್ದೆ. ಅವರು ಚೂರಿ ತೆಗೆದುಕೊಂಡು ಅಷ್ಟನ್ನೇ ಕೆರೆದು ಹಾಕಿದರು. ಮುಂದಿನ ವಾರವೂ ಹಾಗೆಯೇ. ಸೊಟ್ಟ ಬರೆದರೆ ನೋಡಿದವರೆಲ್ಲ ಅದನ್ನೇ ನೋಡುತ್ತಾರೆ ಎಂದು ವಾದಿಸಿದೆ. ಅವರು ಮತ್ತೆ ಬರೆದು ತರಲು ಹೇಳಿದರು. ಬಸ್ಸಿನಲ್ಲಿ ಬರುವಾಗ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಮತ್ತೆ ಅದೇ ಅಂಚಿನ ಮೇಲೆ ಕುಂಚ ಎಳೆಯುತ್ತಿದ್ದಾಗ ಅಪ್ಪ ಚಿತ್ರ ತೋರಿಸೆಂದು ಕೇಳಿದ. ಅದುವರೆಗೆ ಕೇಳಿರಲಿಲ್ಲ. ತುಂಬ ಹೊತ್ತು ನೋಡಿ, ತೊದಲುತ್ತ ಹೇಳಿದ:

"ಡಾಕ್ಟರಿಗೇ ನೆಟ್ಟಗೆ ಮಾಡೂಕೆ ಆಗ್ಲಿಲ್ಲ. ನೀ ಎಂತಕ್ಕೆ ಒದ್ದಾಡ್ತೆ?"

ಕುಂಚವನ್ನು ಟರ್ಪೆಂಟೈನ್ ಡಬ್ಬಿಗೆ ಎಸೆದು ಒಳಗೆ ಹೋದೆ. ಅವನ ಮೇಲಿನ ಸಿಟ್ಟಲ್ಲ ಅದು, ಯಾರ ಮೇಲೆಂದು ಈಗಲೂ ತಿಳಿಯದು. ಹೊರಬಂದಾಗ ಅಪ್ಪ ಅದೇ ಕುರ್ಚಿಯಲ್ಲಿ, ಅದೇ ಬೆಳಕಿಗೆ ಮುಖ ಕೊಟ್ಟು ಕೂತಿದ್ದ. ಜೋತುಬಿದ್ದ ಅಂಚನ್ನು ಇದ್ದ ಹಾಗೇ ಬರೆದೆ. ಒಂದೇ ಎಳೆತಕ್ಕೆ ಬಂತು, ಅದರ ಕೆಳಗಿನ ನೆರಳೂ ಬಂತು. ಅಪ್ಪ ನೋಡಿ, "ಇದು ನಾನೇ" ಎಂದ.

ಮುಂದಿನ ಭಾನುವಾರ ಮಾಸ್ತರರು ಆ ಬಾಯಿಗೆ ಚೂರಿ ಮುಟ್ಟಿಸಲಿಲ್ಲ. ಹೊಗಳಲೂ ಇಲ್ಲ. ಕೆನ್ನೆ ಇನ್ನೂ ಸತ್ತವನದ್ದು ಎಂದು ಅದನ್ನು ಪೂರ್ತಿ ಕೆರೆದರು. ಅಂದಿನಿಂದ ಕೆನ್ನೆ ಬರೆಯುತ್ತಲೇ ಇದ್ದೇನೆ, ಅವರು ಕೆರೆಯುತ್ತಲೇ ಇದ್ದಾರೆ.