ಸೊಣ್ಣಪ್ಪನವರ ಎರಡನೇ ತೂಬು

ವರ್ತೂರಿನ ಸೊಣ್ಣಪ್ಪನವರು ನಮ್ಮ ಮನೆ ಮಾಲೀಕರು. ಅವರ ವಂಶದಲ್ಲಿ ನೀರುಗಂಟಿ ಕೆಲಸ ನಡೆದುಬಂದಿತ್ತು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು. ಕೆರೆ ನೊರೆ ಕಾರತೊಡಗಿ, ಗದ್ದೆಗಳ ಮೇಲೆ ಅಪಾರ್ಟ್‌ಮೆಂಟು ಎದ್ದ ಮೇಲೆ ಹಂಚಲು ಏನೂ ಉಳಿಯಲಿಲ್ಲ. ಅರವತ್ತೆರಡನೇ ವಯಸ್ಸಿನಲ್ಲಿ ಅವರು ಇಂಟರ್‌ನೆಟ್ ಹಂಚಲು ಕೂತರು.

ಕಟ್ಟಡದ ಎಂಟು ಮನೆಗೂ ಅವರದೇ ಒಂದು ಕನೆಕ್ಷನ್. ಬರುವುದರಲ್ಲಿ ಅರ್ಧ ಜಾಹೀರಾತು. ಅವರ ಹೆಂಡತಿ ರಾಮಕ್ಕ ಪಂಚಾಂಗ ನೋಡಲು ಹೋದರೆ ತೂಕ ಇಳಿಸುವ ಪುಡಿ ಬರುತ್ತಿತ್ತು. ‘ನಿಮ್ಮ ಫೋನಿಗೆ ವೈರಸ್ ತಗುಲಿದೆ’ ಎಂದು ಕಂಡ ದಿನ ಆಕೆ ಫೋನಿಗೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು.

“ಕೆರೆ ಕೆಟ್ಟಾಗ ನೋಡ್ಕೊಂಡ್ ಕೂತಿದ್ದೆ ಸಾ. ಇದ್ನ ಕೆಡಕ್ ಬಿಡಲ್ಲ,” ಎಂದರು ಸೊಣ್ಣಪ್ಪನವರು.

ನಾನು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಹದಿನೆಂಟು ವರ್ಷ ಕುರ್ಚಿ ಸವೆಸಿದವನು. ನನಗೆ ಗೊತ್ತಿರುವ ತಂತ್ರಜ್ಞಾನ ಒಂದೇ: ಆಫ್ ಮಾಡಿ ಆನ್ ಮಾಡುವುದು. ಅದನ್ನೇ ಹೇಳಿದೆ. ಅವರು ಮರ್ಯಾದೆಯಿಂದ ತಲೆಯಾಡಿಸಿ, ಮೂರನೇ ಮನೆಯ ಬಾಲಾಜಿಯನ್ನು ಹಿಡಿದರು. ಸರ್ವರ್ ನೋಡಿಕೊಳ್ಳುವ ಆ ಹುಡುಗ ಮನೆ ಖಾಲಿ ಮಾಡುವ ಮುಂಚೆ ಒಂದು ಹಳೇ ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡು ಸಿಕ್ಕಿಸಿ, ಅದರೊಳಗೆ ಎರಡು ವರ್ಚುವಲ್ ಕಂಪ್ಯೂಟರು ಕೂರಿಸಿಕೊಟ್ಟ. ಒಂದು ರೂಟರ್, ಇನ್ನೊಂದು ಜಾಹೀರಾತು ತಡೆಯುವುದು. ಒಂದರೊಳಗೆ ಎರಡು ಹೇಗೆ ಎಂಬುದು ನನಗೆ ಇಂದಿಗೂ ಗೊತ್ತಾಗಿಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ಎಂಟು ಮನೆ ಕಟ್ಟಿದ ಸೊಣ್ಣಪ್ಪನವರಿಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ.

“ಯಾವ್ ಫೋನಾದ್ರೂ ಮೊದ್ಲು ನಮ್ತಾವ ಬಂದು ಅಡ್ರೆಸ್ ಕೇಳ್ಬೇಕು ಸಾ. ಒಳ್ಳೇರ್ ಅಡ್ರೆಸ್ ಏಳ್ತೀವಿ. ಜಾಹೀರಾತಿನೋರ್ದು ಕೇಳಿದ್ರೆ, ಅಂತೋರು ಈ ಊರಲ್ಲೇ ಇಲ್ಲ ಅಂತೀವಿ.”

ದಿನಾ ಬೆಳಿಗ್ಗೆ ಕನ್ನಡಕ ಏರಿಸಿ, ಹೊಸದಾಗಿ ಕಂಡ ನಾಲ್ಕಾರು ಜಾಹೀರಾತಿನವರ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ ಮುಚ್ಚುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಬರೆದೂ ಇಡುತ್ತಿದ್ದರು.

೨೦೧೭ರ ಜೂನ್, ಒಂದು ಶುಕ್ರವಾರ, ಸಂಜೆ ನಾಲ್ಕೂಕಾಲು. ಕೆಳಗಿನ ಮನೆಯ ಧನಲಕ್ಷ್ಮಿ ಸೊಣ್ಣಪ್ಪನವರ ಮನೆಗೆ ಓಡಿಬಂದಳು; ನಾನೂ ಅಲ್ಲೇ ಇದ್ದೆ. ಆರು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿಯುತ್ತಲೇ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿದವಳು. ಆಸ್ಪತ್ರೆಯೊಂದು ಇಂಟರ್‌ವ್ಯೂಗೆ ಕರೆದಿತ್ತು; ಬರುತ್ತೇನೆಂದು ಮೇಲ್‌ನಲ್ಲಿನ ಬಟನ್ ಒತ್ತಬೇಕು, ಐದರೊಳಗೆ.

“ಅಣ್ಣಾ, ಒತ್ತಿದ್ರೆ ಏನೂ ಬರ್ತಿಲ್ಲ! ಐದಾದ್ರೆ ಬೇರೆಯವ್ರಿಗೆ ಕೊಟ್ಬಿಡ್ತಾರಂತೆ.”

“ಪ್ಲಗ್ ಕಿತ್ತು ಹಾಕಿ ಸೊಣ್ಣಪ್ಪನವರೇ,” ಎಂದೆ ನಾನು.

“ಕಿತ್ರೆ ಎಂಟ್ ಮನೇದೂ ನಿಲ್ತದೆ ಸಾ, ಇವಮ್ಮಂದೂ ನಿಲ್ತದೆ.”

“ತಡೆಯೋದನ್ನಾದರೂ ತೆಗೆದುಬಿಡಿ.”

“ಒಂದ್ ಗದ್ದೆಗೆ ನೀರ್ ಓಗ್ಲಿಲ್ಲ ಅಂತ ಕಟ್ಟೆ ಒಡೀತಾರಾ? ಎಲ್ ಕಟ್ಕೊಂಡದೋ ನೋಡ್ಬೇಕು. ಐದಕ್ಕೆ ಅತ್ ನಿಮಿಷ ಇರೋಗಂಟ ಉಡುಕ್ತೀನಿ. ಸಿಗ್ದಿದ್ರೆ ಎಲ್ಲಾ ಬಿಟ್ಬಿಡ್ತೀನಿ, ಆಯ್ತಾ?”

ಮೊಬೈಲ್ ಸಿಗ್ನಲ್ ಬೇಕಾದರೆ ನಮ್ಮಲ್ಲಿ ಟೆರೇಸಿನ ನೀರಿನ ಟ್ಯಾಂಕ್ ಹತ್ತಬೇಕು. ಆ ಮೇಲ್ ನನ್ನ ಫೋನಿಗೆ ಕಳಿಸಿಕೊಂಡು, ಅಲ್ಲಿಂದಲೇ ಒತ್ತಿ ನೋಡೋಣವೆಂದು, ಹೊಟ್ಟೆಯನ್ನು ಏಣಿಯ ಒಂದೊಂದೇ ಮೆಟ್ಟಿಲಿಗೆ ಎತ್ತಿಟ್ಟುಕೊಂಡು ಹತ್ತಿದೆ. ಒಂದು ಗೆರೆ ಸಿಗ್ನಲ್ ಬಂತು, ನನ್ನನ್ನು ನೋಡಿ ಹೊರಟುಹೋಯಿತು.

ಕೆಳಗೆ ಸೊಣ್ಣಪ್ಪನವರ ದನಿ: “ಒತ್ತಮ್ಮ… ಇನ್ನೊಂದ್ಸಲ.” ಧನಲಕ್ಷ್ಮಿ ಒತ್ತಿದಾಗಲೆಲ್ಲ ಅವರ ಪರದೆಯಲ್ಲಿ ಒಂದು ಉದ್ದನೆಯ ಹೆಸರು ಕೆಂಪಗೆ ಮೂಡುತ್ತಿತ್ತಂತೆ. ನೋಟ್‌ಬುಕ್ ತೆರೆದರು. ಆ ದಿನ ಬೆಳಿಗ್ಗೆ ತಾವೇ ಬರೆದದ್ದು. ಯಾರು ಎಷ್ಟು ಸಲ ಒತ್ತಿದರೆಂದು ಲೆಕ್ಕ ಇಡುವ ಕಂಪನಿ ಅದು. ಮೇಲ್‌ನ ಬಟನ್ ಆ ಕಂಪನಿಯ ಮನೆ ಹೊಕ್ಕೇ ಆಸ್ಪತ್ರೆಗೆ ಹೋಗಬೇಕಿತ್ತು.

“ನಾನೇ ಮುಚ್ಚಿದ್ದು,” ಎಂದರು ಸಣ್ಣ ದನಿಯಲ್ಲಿ. ಆ ಒಂದು ಹೆಸರಿನ ತಡೆ ತೆಗೆದರು. “ಈಗ್ ಒತ್ತಮ್ಮ.”

“ಬರ್ತಿಲ್ಲ ಅಣ್ಣಾ! ಆಗ್ಲೇ ನಾಲ್ಕು ನಲವತ್ತಾರು!”

ಫೋನು ‘ಈ ಊರಲ್ಲೇ ಇಲ್ಲ’ ಎಂಬ ಹಳೇ ಉತ್ತರವನ್ನೇ ನೆನಪಿಟ್ಟುಕೊಂಡು ಕೂತಿತ್ತಂತೆ. ನನಗೇನು ಗೊತ್ತು? ಟ್ಯಾಂಕಿನ ಮೇಲಿಂದ ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಕೂಗಿದೆ: “ಫೋನ್ ಆಫ್ ಮಾಡಿ ಆನ್ ಮಾಡಮ್ಮಾ!”

ನಾಲ್ಕು ನಲವತ್ತೊಂಬತ್ತಕ್ಕೆ ಕೆಳಗಿನಿಂದ ಕಿರುಚಿದಳು: “ಬಂತೂ! ಸೋಮವಾರ ಹತ್ ಗಂಟೆಗೆ ಅಂತೆ!”

ನಾನು ವೀರನಂತೆ ಇಳಿದುಬಂದಾಗ ಸೊಣ್ಣಪ್ಪನವರು ತಲೆ ತಗ್ಗಿಸಿ ಕೂತಿದ್ದರು.

“ಹೋಗ್ಲಿ ಬಿಡಿ. ಆ ಹುಡುಗಿಗೆ ಒಂದು ಸಾರಿ ಹೇಳಿಬಿಡಿ.”

“ಸಾರಿ ಏಳೋದಲ್ಲ ಸಾ, ಸಾರ್‌ಬೇಕಿತ್ತು! ತೂಬ್ ಮುಚ್ಚೋ ಮುಂಚೆ ನಮ್ಮಪ್ಪ ಬೀದಿ ಬೀದೀಲಿ ಸಾರ್ಕೊಂಡ್ ಬರೋರು. ನಾನು ಕಳ್ಳನಂಗೆ ಮುಚ್ಚಿದೆ.”

ಮರುದಿನ ಬೆಳಿಗ್ಗೆ ಏಳಕ್ಕೆ ಮೆಟ್ಟಿಲಲ್ಲಿ ತಟ್ಟೆ ಬಡಿಯುವ ಸದ್ದು. ಸೊಣ್ಣಪ್ಪನವರು, ಕೈಯಲ್ಲಿ ನೋಟ್‌ಬುಕ್. “ಇವತ್ ಮೂರ್ ಎಸ್ರು ಮುಚ್ತಾ ಇದೀನಪ್ಪೋ! ಯಾರ್ ಗದ್ದೆ ಒಣಗಿದ್ರೂ ಬಂದ್ ಏಳಿ!” ಎಂಟು ಬಾಗಿಲೂ ತೆರೆದವು. ಅವರು ಅಕ್ಷರ ಕೂಡಿಸಿ ಓದಿದರು. ಮೂರನೆಯದು ಬೋಳುತಲೆಗೆ ಕೂದಲು ಬೆಳೆಸುವ ಎಣ್ಣೆಯದು.

“ಯಾರಿಗಾದ್ರೂ ಬೇಕಾ?” ಎಂದು ಕೇಳಿ, ನನ್ನ ಬಾಗಿಲ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಂತರು. ಕೆಳಗೆ ಧನಲಕ್ಷ್ಮಿ ಕಿಸಕ್ಕನೆ ನಕ್ಕಳು.

“ಮುಚ್ಚಿ,” ಎಂದೆ.